ಅಳಿಸಿಹೋದ ಕಿಕ್

ಯಮನೂರ ಮಾಡಿದ್ದು ತಪ್ಪು. ರ‍್ಯಾಪ್ ಹಾಡುಗಳಿಗೆ ಬೀಟ್ ಕಟ್ಟುತ್ತೇನೆಂದು ಹೊರಟವನು ಡ್ರಮ್ ಸದ್ದುಗಳ ಕಿಟ್‌ಗಳನ್ನು ಇಂಟರ್ನೆಟ್‌ನಿಂದ ಇಳಿಸಿ ಇಳಿಸಿ ಲ್ಯಾಪ್‌ಟಾಪ್ ತುಂಬಿಸಿದ. ಒಂದು ಹಾಡನ್ನೂ ಮುಗಿಸಲಿಲ್ಲ.

ಅವತ್ತೂ ಹೊಸ ಕಿಟ್ ಬಂತು. ಅದರಲ್ಲಿದ್ದ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ದಪ್ಪ ಗುದ್ದಿನ ಸದ್ದು, ಹಳೆಯ ಕಿಟ್‌ನ ಕಿಕ್‌ಗೆ ಹೇಳಿತು: "ಅಜ್ಜಾ, ಪಕ್ಕಕ್ಕೆ ಸರಿ. ನಾನು ಬಿದ್ದರೆ ಗೋಡೆ ಅದುರುತ್ತದೆ."

"ನಿನಗಿಂತ ಮೊದಲು ಬಂದವರೂ ಇದನ್ನೇ ಹೇಳಿದರು, ತಮ್ಮಾ," ಎಂದಿತು ಹಳೆಯ ಕಿಕ್, ದಣಿದ ದನಿಯಲ್ಲಿ. "ಒಮ್ಮೆ ಕೇಳುತ್ತಾನೆ, 'ಭಾರಿ ಐತಿ' ಅನ್ನುತ್ತಾನೆ, ಇನ್ನೊಂದನ್ನು ಹುಡುಕಲು ಹೋಗುತ್ತಾನೆ. ಅವರೆಲ್ಲ ಇಲ್ಲೇ ಕೊಳೆಯುತ್ತಿದ್ದಾರೆ."

"ನಿನ್ನನ್ನಾದರೂ ಬಳಸಿದ್ದಾನಾ?"

"ಪೌರಕಾರ್ಮಿಕರ ಮುಷ್ಕರಕ್ಕೆಂದು ಶುರು ಮಾಡಿದ ಹಾಡು ಅರ್ಧಕ್ಕೆ ನಿಂತಿದೆ. ಅದರಲ್ಲಿ ಬೀಳುವ ಪೆಟ್ಟು ನಾನೇ. ನಾಳೆ ಮೆರವಣಿಗೆ. ಪೊರಕೆ ಹಿಡಿದು ಬೀದಿ ಗುಡಿಸುವ ಅವನ ತಾಯಿಯೂ ಆ ಹಾಡಿಗೆ ಕಾಯುತ್ತಿದ್ದಾಳೆ."

ಹೊಸ ಕಿಟ್ ಪೂರ್ತಿ ಇಳಿಯಲು ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲಲಿಲ್ಲ. ಯಮನೂರ ಹಿಂದೆಮುಂದೆ ನೋಡದೆ ಹಳೆಯ ಕಿಟ್ ಅಳಿಸಿದ.

ಮರುದಿನ ಮೆರವಣಿಗೆಯಲ್ಲಿ ಲ್ಯಾಪ್‌ಟಾಪ್ ತೆರೆದು ಆ ಅರ್ಧ ಹಾಡನ್ನೇ ಹಚ್ಚಿದ. ಹಾಡು ತನ್ನ ಕಿಕ್ ಅನ್ನು ಆ ಹಳೆಯ ಕಿಟ್‌ನಿಂದಲೇ ಎತ್ತಿಕೊಳ್ಳುತ್ತಿತ್ತು; ಅಳಿಸಿದ ಮೇಲೆ ಅದು ಎಲ್ಲಿಂದ ಬರಬೇಕು? ಧ್ವನಿವರ್ಧಕದಲ್ಲಿ ಹೈ-ಹ್ಯಾಟ್ ಎಂಬ ತಾಳದ ಸದ್ದು ಮಾತ್ರ ಚಿಕ್ ಚಿಕ್ ಅಂದಿತು.

"ಇದೇನೋ ಯಮನೂರಾ, ಹಾಡೋ ಗಡಿಯಾರವೋ?" ಎಂದಳು ತಾಯಿ. ಜನ ಹಾಡಿಲ್ಲದೆ ಮುಂದೆ ನಡೆದರು. ಗೋಡೆ ಅದುರಿಸಬೇಕಿದ್ದ ಹೊಸ ಕಿಕ್ ಫೋಲ್ಡರ್‌ನಲ್ಲಿ ಸುಮ್ಮನೆ ಬಿದ್ದಿತ್ತು.

ಬೀಟ್ ಕಟ್ಟುವ ಗೆಳೆಯಾ, ನೀನೂ ಇದನ್ನೇ ಮಾಡುತ್ತಿದ್ದೀಯ. ಇಳಿಸುವುದನ್ನು ನಿಲ್ಲಿಸು. ಇರುವುದರಲ್ಲೇ ಒಂದು ಕಿಕ್ ಹಿಡಿದು, ಅರ್ಧಕ್ಕೆ ಬಿಟ್ಟ ಹಾಡನ್ನು ಇವತ್ತೇ ಮುಗಿಸು.