ಏನು ಸುಟ್ಟ ಬೂದಿ?

ಶಿಷ್ಯನು ಕೇಳಿದನು: "ಗುರುಗಳೇ, ಐವತ್ತು ವರ್ಷದಿಂದ ವ್ಯಾಪಾರ ಮಾಡುತ್ತಿದ್ದೀರಿ. ಮೂಟೆಯ ಮೇಲೆ ಸರಕಿನ ಹೆಸರು ಬರೆದೇ ಇರುತ್ತದೆ. ಆದರೂ ಪ್ರತಿ ಮೂಟೆಯನ್ನೂ ಬಿಚ್ಚಿಸಿ, ಒಳಗೆ ಕೈ ಹಾಕಿ ನೋಡುತ್ತೀರಿ. ಗೊತ್ತಿರುವ ಸರಕನ್ನು ಮತ್ತೆ ನೋಡುವುದೇಕೆ?"

ಗುರುಗಳು ಹೇಳಿದರು:

ಒಂದು ದ್ವೀಪದಲ್ಲಿ ಬೆಂಕಿ ಕಾರುವ ಬೆಟ್ಟವಿತ್ತು. ಒಮ್ಮೆ ಅದು ಸಿಡಿಯಿತು. ಐದು ದಿನ ಬೂದಿ ಸುರಿಯಿತು. ನಿಲ್ದಾಣದಲ್ಲಿ ನಿಂತಿದ್ದ ಎರಡು ವಿಮಾನಗಳ ಬಣ್ಣವೇ ಕಾಣದಂತಾಯಿತು. ಪ್ರಯಾಣಿಕರು ನೆಲದ ಮೇಲೆ ಮಲಗಿ ದಿನ ಕಳೆದರು.

ಆರನೆಯ ದಿನ ಆಕಾಶ ತಿಳಿಯಾಯಿತು. ಆದರೆ ಮಧ್ಯಾಹ್ನಕ್ಕೆ ಗಾಳಿ ತಿರುಗುತ್ತದೆ, ಮತ್ತೆ ಬೂದಿ ಬೀಳುತ್ತದೆ, ಅಷ್ಟರೊಳಗೆ ಹಾರಬೇಕು ಎಂದು ತಿಳಿದವರು ಹೇಳಿದರು.

ಬೂದಿ ತೆಗೆದು ಶುಚಿಮಾಡಲು ಎರಡು ವಿಮಾನಗಳನ್ನು ಇಬ್ಬರು ಗುತ್ತಿಗೆದಾರರಿಗೆ ಒಪ್ಪಿಸಲಾಯಿತು. ಅವರಲ್ಲಿ ಒಬ್ಬ ನಮ್ಮ ಕಡೆಯವನು. ಯಾರ ವಿಮಾನ ಮೊದಲು ಹಾರುತ್ತದೋ ಅವರಿಗೇ ಮುಂದೆ ನಿಲ್ದಾಣದ ಕೆಲಸವೆಲ್ಲ ಎಂದು ಅಧಿಕಾರಿ ಹೇಳಿದ್ದನು. ಮೊದಲು ಯಂತ್ರದಿಂದ ಗಾಳಿ ಊದಿ ಬೂದಿ ಹಾರಿಸಬೇಕು, ಆಮೇಲೆ ಧಾರಾಳವಾಗಿ ನೀರು ಬಿಡಬೇಕು, ಎಲ್ಲಿಯೂ ಉಜ್ಜಕೂಡದು ಎಂದೂ ಹೇಳಿದ್ದನು. ಗಾಳಿಯಂತ್ರ ಇದ್ದದ್ದು ಒಂದೇ. ಅದರ ಮೊದಲ ಸರದಿ ಪಕ್ಕದ ವಿಮಾನದ ಗುತ್ತಿಗೆದಾರನದಾಗಿತ್ತು.

ನಮ್ಮವನು ಕಾಯಲಿಲ್ಲ. ಅವನು ಚಿಕ್ಕಂದಿನಲ್ಲಿ ಮದುವೆಮನೆಗಳ ಕೊಪ್ಪರಿಗೆ ಬೆಳಗಿ ಮೇಲೆ ಬಂದವನು. "ಬೂದಿ ವಿಷಯ ನನಗೆ ಹೇಳಿಕೊಡ್ತಾರಂತೆ! ಲಾಟೀನಿನ ಗಾಜನ್ನ ನಾವು ಒರೆಸ್ತಾ ಇದ್ದದ್ದೇ ಬೂದಿ ಹಾಕಿ. ಒಣಬಟ್ಟೆ ತನ್ನಿ," ಎಂದನು.

ಅವನ ಆಳುಗಳಲ್ಲಿ ದ್ಯಾವಮ್ಮ ಎಂಬ ಹೆಂಗಸಿದ್ದಳು. ಅವಳು ಒಂದು ಚಿಟಿಕೆ ಬೂದಿ ತೆಗೆದು ಬೆರಳಿನಿಂದ ಉಗುರಿನ ಮೇಲೆ ತಿಕ್ಕಿ ನೋಡಿದಳು.

"ಯಜಮಾನ್ರೇ, ಇದು ಏನು ಸುಟ್ಟ ಬೂದಿ?"

"ಬೂದಿ ಅಂದ್ರೆ ಬೂದಿ ಕಣಮ್ಮ."

"ಹಂಗಲ್ಲ. ಸೌದೆ ಬೂದಿ ನುಣ್ಣಗಿರುತ್ತೆ, ಹೊಟ್ಟಿನ ಬೂದಿ ಪಾತ್ರೆ ಗೀರುತ್ತೆ. ಇದು ಯಾವುದರದ್ದು?"

"ಬೆಟ್ಟ ಸುಟ್ಟದ್ದು."

"ಬೆಟ್ಟದೊಳಗೆ ಸುಡೋಕೆ ಏನೈತೆ? ಬರೀ ಕಲ್ಲಲ್ವಾ?"

"ಹಂಗಾದ್ರೆ ನೀನೇ ಹೋಗಿ ಬೆಟ್ಟನ ಕೇಳ್ಕೊಂಡು ಬಾ. ಅಷ್ಟರಲ್ಲಿ ನಾನು ಕೆಲಸ ಮುಗಿಸಿರ್ತೀನಿ."

ಆಳುಗಳು ನಕ್ಕರು. ದ್ಯಾವಮ್ಮ ಬೆರಳು ನೋಡಿಕೊಂಡಳು. ಉಗುರಿನ ಮೇಲೆ ಗೀರು ಬಿದ್ದಿತ್ತು. ಅದನ್ನು ತೋರಿಸಲು ತಲೆ ಎತ್ತುವಷ್ಟರಲ್ಲಿ ಅವನು ಏಣಿ ಹತ್ತಿ ಆಗಿತ್ತು.

ವಿಮಾನದ ಮುಂಭಾಗದ ಗಾಜುಗಳನ್ನು ಬೇರೆಯವರ ಕೈಗೆ ಬಿಡದೆ ತಾನೇ ಒಣಬಟ್ಟೆಯಿಂದ ಒರೆಸಿದನು. ಗಾಜಿನ ಮೇಲೆ ಬೂದಿಯ ಒಂದು ಕಣವೂ ಉಳಿಯಲಿಲ್ಲ. ಪಕ್ಕದ ವಿಮಾನದ ಬಳಿ ಆಗಷ್ಟೇ ನೀರಿನ ಕೊಳವೆ ಬಿಚ್ಚುತ್ತಿದ್ದರು.

ವಿಮಾನ ನಡೆಸುವವನು ಬಂದು ತನ್ನ ಜಾಗದಲ್ಲಿ ಕುಳಿತನು. ವಿಮಾನವನ್ನು ಎಳೆದು ಸೂರ್ಯನ ಕಡೆಗೆ ತಿರುಗಿಸಿದರು. ಅವನ ಎದುರಿಗೆ ಎಲ್ಲವೂ ಬೆಳ್ಳಗಾಯಿತು.

"ಬೂದಿ ಇನ್ನೂ ಹೋಗಿಲ್ಲ," ಎಂದು ಅವನು ಕೂಗಿದನು.

"ಹೋಗಿದೆ ಸ್ವಾಮಿ, ನಾನೇ ಕೈಯಾರೆ ಒರೆಸಿದ್ದು."

"ಒರೆಸಿದಿರಾ?"

ಅವನು ಕೆಳಗಿಳಿದು ಬಂದು ಏಣಿ ಹತ್ತಿ ಗಾಜಿನ ಮೇಲೆ ಉಗುರಾಡಿಸಿದನು. ಕೂದಲೆಳೆಯಂಥ ಸಾವಿರ ಗೀರುಗಳು. ಬೆಟ್ಟದೊಳಗೆ ಕರಗಿದ ಕಲ್ಲು ಸಿಡಿದು, ಪುಡಿಯಾಗಿ ಬೀಳುವುದನ್ನೂ ಜನ ಬೂದಿ ಎಂದೇ ಕರೆಯುತ್ತಾರೆ. ಅದರಲ್ಲಿ ಸುಟ್ಟು ಉಳಿದದ್ದು ಏನೂ ಇಲ್ಲ. ಇರುವುದು ಗಾಜನ್ನೇ ಕೊರೆಯುವ ಚೂರುಗಳು.

"ಇದರೊಳಗಿಂದ ನನಗೆ ನೆಲ ಕಾಣುವುದಿಲ್ಲ. ಕಾಣದ ನೆಲಕ್ಕೆ ಇಷ್ಟು ಜನರನ್ನು ಇಳಿಸಲಾರೆ," ಎಂದು ಅವನು ಹೊರಟುಹೋದನು.

ಪಕ್ಕದ ವಿಮಾನ ಮಧ್ಯಾಹ್ನಕ್ಕೆ ಕಾಲು ಗಂಟೆ ಇರುವಾಗ ಹಾರಿತು. ಆಮೇಲೆ ಗಾಳಿ ತಿರುಗಿತು. ಹೊಸ ಗಾಜು ಹಡಗಿನಲ್ಲಿ ಬರುವವರೆಗೆ ಇವನ ವಿಮಾನದ ಜನ ಇನ್ನೂ ಹನ್ನೊಂದು ದಿನ ನೆಲದ ಮೇಲೆಯೇ ಮಲಗಿದರು. ನಿಲ್ದಾಣದ ಕೆಲಸ ಪಕ್ಕದವನಿಗೆ ಹೋಯಿತು. ದ್ಯಾವಮ್ಮನೂ ಅವನ ಹತ್ತಿರವೇ ಸೇರಿಕೊಂಡಳು. ಹೊಟ್ಟೆಪಾಡು ನೋಡಬೇಕಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನು ಹೇಳಿದನು: "ತಿಳಿಯಿತು ಗುರುಗಳೇ. ಅವನಿಗೆ ಒಂದೇ ಬೂದಿ ಗೊತ್ತಿತ್ತು. ನನಗೆ ಈಗ ಎರಡೂ ಗೊತ್ತು. ಇನ್ನು ಬೂದಿಯ ವಿಷಯದಲ್ಲಿ ನಾನು ಯಾರನ್ನೂ ಕೇಳಬೇಕಾಗಿಲ್ಲ."

ಗುರುಗಳು ಹೇಳಿದರು: "ಹಾಗಾದರೆ ಈಗ ನಿನ್ನ ಕೈಗೂ ಒಣಬಟ್ಟೆ ಬಂದಿದೆ, ಅದನ್ನು ಕೆಳಗಿಡು."