ಮೂರನೆಯ ಸಾಕು

“ವಸ್ತಾದರೇ, ಹೋಟೆಲಿನಲ್ಲಿ ಕುಳಿತಾಗ ಲೆಕ್ಕ ತಪ್ಪದಂತೆ ಉಣ್ಣುವುದು ಹೇಗೆ?”

ಗರಡಿಯಲ್ಲಿ ಹೀಗೆ ಕೇಳಿದವನು ನಾನೇ. ಉಳಿದವರಿಗೂ ಇದೇ ಕಷ್ಟವಿತ್ತು, ಗುರುಗಳ ಮುಂದೆ ಬಾಯಿ ಬಿಡುವ ಎದೆ ಇರಲಿಲ್ಲ. ನನಗೆ ಅಂಥ ಅಂಜಿಕೆಯೆಲ್ಲ ಇಲ್ಲ. ಮೂರು ತಾಲ್ಲೂಕಿನ ಪೈಲ್ವಾನರನ್ನು ಚಿತ್ ಮಾಡಿದ್ದೇನೆ. ನಮ್ಮೂರಿನ ಹೆಸರು ಪೇಪರಿನಲ್ಲಿ ಮೊದಲ ಸಲ ಬಂದದ್ದು ನನ್ನಿಂದಲೇ. ಆದರೆ ಎಪ್ಪತ್ತನಾಲ್ಕು ಕಿಲೋ ವಿಭಾಗದ ಕುಸ್ತಿಗೆ ಹದಿನೈದೇ ದಿನ ಉಳಿದಿತ್ತು, ನನ್ನ ತೂಕ ಎಪ್ಪತ್ತೇಳರಲ್ಲಿ ನಿಂತಿತ್ತು.

“ಮನೆ ಬಿಟ್ಟು ಗರಡಿ ಸೇರಿದ್ದೇನೆ, ಇಲ್ಲಿ ಒಂದು ಕಾಳೂ ಹೆಚ್ಚಾಗುವುದಿಲ್ಲ,” ಎಂದೆ. “ತುತ್ತು ತುತ್ತಿನ ಕ್ಯಾಲರಿಯನ್ನು ಮೊಬೈಲಿನಲ್ಲಿ ಬರೆದಿಡುತ್ತೇನೆ. ಹೊರಗೆ ಉಣ್ಣಲು ಕುಳಿತರೆ ಮಾತ್ರ ಸೋಲುತ್ತೇನೆ. ಆನೆಯಂಥವನ ಎದುರು ನಿಲ್ಲುವ ನಾನು ಒಂದು ಬೆಣ್ಣೆ ದೋಸೆಯ ಎದುರು ನಿಲ್ಲಲಾರೆ. ಯಾವ ಪಟ್ಟು ಹಾಕಲಿ, ಹೇಳಿರಿ.”

ವಸ್ತಾದರು ಅಖಾಡದ ಕೆಮ್ಮಣ್ಣನ್ನು ಹದ ಮಾಡುತ್ತಿದ್ದರು. ಸಲಿಕೆಯನ್ನು ಕೆಳಗಿಟ್ಟರು. “ಕೂಡು, ಮೈಲಾರಿ. ಪಟ್ಟು ಆಮೇಲೆ. ಮೊದಲು ಒಬ್ಬ ವ್ಯಾಪಾರಿಯ ಮಾತು ಕೇಳು,” ಎಂದು ಹೇಳತೊಡಗಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ವಾರದಲ್ಲಿ ನಾಲ್ಕು ದಿನ ಮನೆಯಲ್ಲಿ, ಮೂರು ದಿನ ಒಂದು ಸಂತೆಯ ಊರಿನಲ್ಲಿ ಇರುತ್ತಿದ್ದ. ಮೈ ದಪ್ಪವಾಗಿತ್ತು. ರಕ್ತದಲ್ಲಿ ಸಕ್ಕರೆ ಏರಿತ್ತು. ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಡಾಕ್ಟರರು ನೋಡಿದರು. “ತೂಕ ಇಳಿಸಿರಿ. ಹೊತ್ತಿಗೆ ಎರಡು ರೊಟ್ಟಿ, ಪಲ್ಯ, ಮಜ್ಜಿಗೆ. ಇಲ್ಲದಿದ್ದರೆ ಬೆರಳು ತೆಗೆಯಬೇಕಾಗುತ್ತದೆ,” ಎಂದರು.

ವ್ಯಾಪಾರಿ ಮನೆಗೆ ಬಂದ. ಹೆಂಡತಿ ಊಟಕ್ಕೆ ಬಡಿಸಿದಳು. ಎರಡು ರೊಟ್ಟಿ ಮುಗಿದವು. ಅವಳು ಎಂದಿನಂತೆ ರೊಟ್ಟಿಯ ಬುಟ್ಟಿ ಹಿಡಿದು ಅವನ ಹೆಗಲ ಬಳಿ ಬಂದು ನಿಂತಳು.

“ಇನ್ನೊಂದು ಹಾಕಲೇನ್ರೀ?”

ವ್ಯಾಪಾರಿಗೆ ಡಾಕ್ಟರರ ಮಾತು ನೆನಪಾಯಿತು. ಹೆದರಿಕೆ ಸಿಟ್ಟಾಗಿ ಹೊರಗೆ ಬಂತು. “ನೀ ಹಿಂಗ ಇನ್ನೊಂದು ಇನ್ನೊಂದು ಅಂದಿದ್ದಕ್ಕ ನನ್ನ ಬಾಳೇವು ಹಿಂಗಾತು. ಇವತ್ತಿನಿಂದ ಆ ಮಾತು ನನ್ನ ಮುಂದ ಆಡಬ್ಯಾಡ,” ಎಂದ.

ಹೆಂಡತಿ ಬುಟ್ಟಿಯನ್ನು ಒಳಗೆ ಒಯ್ದಳು. ಮರುದಿನದಿಂದ ಎರಡೇ ರೊಟ್ಟಿ ಬಡಿದಳು. ತಟ್ಟೆಗೆ ಹಾಕಿ, ಮಜ್ಜಿಗೆಯ ಲೋಟ ಇಟ್ಟು, ಒಳಗೆ ಹೋಗುತ್ತಿದ್ದಳು. ಅವನು ಉಂಡು ಕೈ ತೊಳೆಯುತ್ತಿದ್ದ. ಮಾತಿನಂತೆ ನಡೆಯಿತು. ಮನೆಯಲ್ಲಿ ತೂಕ ಇಳಿಯತೊಡಗಿತು.

ಆದರೆ ಮನೆಯ ನಾಲ್ಕು ದಿನದಲ್ಲಿ ಇಳಿದದ್ದು ಸಂತೆಯ ಮೂರು ದಿನದಲ್ಲಿ ಮತ್ತೆ ಏರುತ್ತಿತ್ತು. ಸಂತೆಯ ಊರಿನಲ್ಲಿ ಒಂದು ಖಾನಾವಳಿ ಇತ್ತು. ವಯಸ್ಸಾದ ಹೆಂಗಸೊಬ್ಬಳು ಅದನ್ನು ನಡೆಸುತ್ತಿದ್ದಳು. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದರು. ವ್ಯಾಪಾರಿ ಮಧ್ಯಾಹ್ನ ಅಲ್ಲಿಗೆ ಹೋಗುತ್ತಿದ್ದ. ಎರಡು ರೊಟ್ಟಿ ಎಂದು ನಿಶ್ಚಯ ಮಾಡಿಕೊಂಡು ಒಳಗೆ ಹೋಗುವನು. ಐದು ತಿಂದು ಹೊರಗೆ ಬರುವನು.

“ನಾನಾಗಿದ್ದರೆ ಆ ಮೂರು ದಿನ ಉಪವಾಸವೇ ಬೀಳುತ್ತಿದ್ದೆ,” ಎಂದೆ ನಾನು.

“ನೀನು ದೊಡ್ಡ ಮನುಷ್ಯ ಬಿಡಪ್ಪಾ. ಅವನು ಬರೀ ವ್ಯಾಪಾರಿ,” ಎಂದರು ವಸ್ತಾದರು. ಹಿಂದೆ ಕುಳಿತವರು ನಕ್ಕರು. ವಸ್ತಾದರು ಕಥೆ ಮುಂದುವರಿಸಿದರು.

ವ್ಯಾಪಾರಿ ಡಾಕ್ಟರರಿಗೆ ಕಷ್ಟ ಹೇಳಿಕೊಂಡ. ಡಾಕ್ಟರರು ಉಪಾಯಗಳನ್ನು ಹೇಳಿಕೊಟ್ಟರು. ಒಳಗೆ ಹೋಗುವ ಮೊದಲೇ ಒಂದು ತಂಬಿಗೆ ನೀರು ಕುಡಿಯಿರಿ. ಮೊದಲು ಸೌತೆಕಾಯಿ, ಮೆಂತ್ಯಸೊಪ್ಪು ತಿನ್ನಿರಿ. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಬದಿಗೆ ಸರಿಸಿರಿ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಒಂದು ಚಮಚಕ್ಕಿಂತ ಹೆಚ್ಚು ಬೇಡ, ಅದರ ಮೇಲೆ ಎಣ್ಣೆ ಹಾಕಿಸಿಕೊಳ್ಳಬೇಡಿ. ಒಂದು ರೊಟ್ಟಿಗೆ ಇಷ್ಟು ಕ್ಯಾಲರಿ, ಒಂದು ಚಮಚ ಎಣ್ಣೆಗೆ ಇಷ್ಟು ಎಂದು ಒಂದು ಚೀಟಿಯನ್ನೂ ಬರೆದುಕೊಟ್ಟರು.

ವ್ಯಾಪಾರಿ ಸೋಮಾರಿಯಲ್ಲ. ಎಲ್ಲವನ್ನೂ ಮಾಡಿದ. ನೀರು ಕುಡಿದ, ಸೊಪ್ಪು ತಿಂದ, ಎಣ್ಣೆ ಸರಿಸಿದ. ಚೀಟಿ ಬಾಯಿಪಾಠವಾಯಿತು. ಎಣ್ಣೆ ಕಡಿಮೆಯಾದದ್ದು ನಿಜ. ಆದರೆ ಅವ್ವ ಬುಟ್ಟಿ ಹಿಡಿದು ಬಂದು “ಇನ್ನೊಂದು ಹಾಕಲೇನಪಾ?” ಎಂದು ಕೇಳಿದಾಗ ಮೂರನೆಯ ರೊಟ್ಟಿ ಬೀಳುತ್ತಿತ್ತು. ಅದರ ಹಿಂದೆ ನಾಲ್ಕನೆಯದು ಬರುತ್ತಿತ್ತು.

ಡಾಕ್ಟರರು ಕೊನೆಯ ಉಪಾಯ ಹೇಳಿದರು. ಮನೆಯಿಂದಲೇ ಬುತ್ತಿ ಒಯ್ಯಿರಿ, ಖಾನಾವಳಿಯ ಮೆಟ್ಟಿಲು ಹತ್ತಬೇಡಿ ಎಂದರು. “ಮುಂದಿನ ತಿಂಗಳು ಗಾಯ ಹೀಗೇ ಇದ್ದರೆ ನಾನು ಬೆರಳನ್ನು ಉಳಿಸಲಾರೆ,” ಎಂದೂ ಹೇಳಿದರು.

ಹೆಂಡತಿ ಎರಡು ರೊಟ್ಟಿಗಳನ್ನೂ ಒಂದು ಚಮಚ ಶೇಂಗಾ ಹಿಂಡಿಯನ್ನೂ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಸಂತೆಯ ದಿನ ವ್ಯಾಪಾರಿ ಬೇವಿನ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚಿದ. ಉಂಡ. ಮಜ್ಜಿಗೆ ಕುಡಿದ. ಹೊಟ್ಟೆ ತುಂಬಿತು. ತೇಗು ಬಂತು. ಎದ್ದ. ಆದರೆ ಕಾಲು ಮಾರುಕಟ್ಟೆಯ ಕಡೆ ಹೋಗಲಿಲ್ಲ, ಖಾನಾವಳಿಯ ಕಡೆ ಹೋಯಿತು. ಗಾಯದ ಕಾಲನ್ನು ಎಳೆದುಕೊಂಡೇ ಹೋಗಿ, ತಟ್ಟೆಯ ಮುಂದೆ ಕುಳಿತ.

ಅವ್ವ ಅವನ ಮುಖ ನೋಡಿದಳು.

“ಏನಪಾ, ಮೀಸಿಮ್ಯಾಗ ಶೇಂಗಾ ಹಿಂಡಿ ಐತಿ. ಉಂಡು ಬಂದಿ. ಮತ್ಯಾಕ ಉಣ್ಣಾಕ ಕುಂತಿ?”

ವ್ಯಾಪಾರಿಗೆ ನಾಚಿಕೆಯಾಯಿತು. ನಾಚಿಕೆಯೂ ಸಿಟ್ಟಾಯಿತು. “ಎಲ್ಲಾ ನಿನ್ನಿಂದ ಆಗಿದ್ದು ಯವ್ವಾ. ನಾ ಸಾಕು ಅಂತೀನಿ, ನೀ ಕೇಳಂಗಿಲ್ಲ. ಹಾಕೇ ಹಾಕ್ತಿ.”

“ಎಷ್ಟು ಸಲ ಸಾಕು ಅಂತಿ?”

“ಎರಡು ಸಲ.”

ಅವ್ವ ನಕ್ಕಳು. “ಎರಡಕ್ಕ ಯಾರು ಬಿಡ್ತಾರಪಾ? ಮೊದಲನೇ ಸಾಕು ಬರೇ ಬಾಯಿಮಾತು. ಎರಡನೇದು ಸಂಕೋಚ. ಮೂರನೇದಕ್ಕ ತಟ್ಟಿ ಮ್ಯಾಲ ಕೈ ಅಡ್ಡ ಬರತೈತಿ. ಅದು ಖರೇ ಸಾಕು. ನೀ ಬರಾಕತ್ತಿ ಇಷ್ಟು ದಿನ ಆತು, ತಟ್ಟಿ ಮ್ಯಾಲ ನಿನ್ನ ಕೈ ಅಡ್ಡ ಬಂದಿದ್ದು ನಾ ನೋಡೇ ಇಲ್ಲ.”

ಆ ಸೀಮೆಯಲ್ಲಿ ಅದೇ ಪದ್ಧತಿ. ಬಡಿಸುವವರು ಮೂರು ಸಲ ಕೇಳಬೇಕು, ಉಣ್ಣುವವರು ಮೂರು ಸಲ ಬೇಡವೆನ್ನಬೇಕು. ವ್ಯಾಪಾರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹುಟ್ಟಿದಾಗಿನಿಂದ ಗೊತ್ತಿತ್ತು. ಅವನು ಎರಡನೆಯ ಸಾಕಿಗೆ ನಿಂತುಬಿಡುತ್ತಿದ್ದ, ಅಷ್ಟೇ.

“ಇವತ್ತು ನೋಡು ಹಂಗಾದ್ರ,” ಎಂದ ಅವನು.

ಅವ್ವ ಬುಟ್ಟಿ ತಂದಳು. “ಒಂದು ಹಾಕಲೇನು?” ಎಂದಳು. ಅವನು ಸಾಕು ಎಂದ. “ಬಿಸಿ ಐತಿ, ಅರ್ಧಾನಾದ್ರೂ ಹಾಕಲೇನು?” ಎಂದಳು. ಸಾಕು ಎಂದ. “ನನ್ನ ಮಾತಿಗೆ ಒಂದು ತುತ್ತು?” ಎಂದಳು. ಅವನು ತಟ್ಟೆಯ ಮೇಲೆ ಅಂಗೈ ಊರಿದ. “ಸಾಕವ್ವಾ,” ಎಂದ.

ಅವ್ವ ತಲೆಯಾಡಿಸಿದಳು. ಮತ್ತೆ ಕೇಳಲಿಲ್ಲ. ಬುಟ್ಟಿಯೊಡನೆ ಮುಂದಿನ ಸಾಲಿಗೆ ಹೋದಳು.

ವ್ಯಾಪಾರಿ ಗೆದ್ದಿದ್ದ. ತಟ್ಟೆ ಖಾಲಿ ಇತ್ತು. ಚೀಟಿಯ ಪ್ರಕಾರ ಒಂದು ಕ್ಯಾಲರಿಯೂ ಒಳಗೆ ಹೋಗಿರಲಿಲ್ಲ. ಎದ್ದು ಹೋಗಬಹುದಾಗಿತ್ತು. ಅವನು ಏಳಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಲಾರಿ ಡ್ರೈವರ್ ಉಣ್ಣುತ್ತಿದ್ದ. ಅವ್ವ ಅವನ ಹೆಗಲ ಬಳಿ ನಿಂತು ಒಂದು ಹಾಕಲೇನು ಎಂದು ಕೇಳುತ್ತಿದ್ದಳು. ವ್ಯಾಪಾರಿ ಆ ರೊಟ್ಟಿಯನ್ನು ನೋಡಲಿಲ್ಲ. ಕೇಳುತ್ತಿದ್ದ ಬಾಯಿಯನ್ನು ನೋಡಿದ.

ಅವ್ವ ತಿರುಗಿ ಬರುವಾಗ ಅವನು ಕರೆದ. “ಯವ್ವಾ, ರೊಟ್ಟಿ ಬ್ಯಾಡ. ಇನ್ನೊಂದು ಸಲ ಕೇಳಿ ಹೋಗು.”

ಅವಳು ನಗಲು ಹೊರಟವಳು ಅವನ ಕಣ್ಣು ನೋಡಿ ನಿಂತಳು. “ಮನ್ಯಾಗ ಕೇಳಾವ್ರು ಇಲ್ಲೇನಪಾ?” ಎಂದಳು.

“ಅದಾಳ,” ಎಂದ ವ್ಯಾಪಾರಿ. “ಕೇಳಬ್ಯಾಡ ಅಂದಾವ ನಾನ.”

ಅವ್ವ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟಳು. “ಕೇಳಿದ್ರ ತೂಕ ಏರಂಗಿಲ್ಲೋ ಹುಚ್ಚಪ್ಪಾ, ತಿಂದ್ರ ಏರತೈತಿ. ನಡಿ ಮನೀಗೆ,” ಎಂದಳು.

ಅವನು ಸಂತೆಯನ್ನು ಅರ್ಧಕ್ಕೆ ಬಿಟ್ಟ. ಮನೆ ಸೇರುವಾಗ ರಾತ್ರಿಯ ಊಟದ ಹೊತ್ತಾಗಿತ್ತು. ಹೆಂಡತಿ ಎರಡು ರೊಟ್ಟಿ ಬಡಿಸಿದಳು, ಮಜ್ಜಿಗೆ ಇಟ್ಟಳು, ಒಳಗೆ ಹೊರಟಳು.

“ನಿಲ್ಲು,” ಎಂದ.

ಅವಳು ನಿಂತಳು.

“ಮೊದಲು ಕೇಳ್ತಿದ್ದಿಯಲ್ಲ, ಹಂಗ ಕೇಳು.”

“ಕೇಳಿದ್ರ ಬೈತೀರಿ.”

“ಬೈಯಂಗಿಲ್ಲ. ತಿನ್ನಂಗೂ ಇಲ್ಲ. ಬರೇ ಕೇಳು.”

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ತಿಂಗಳುಗಟ್ಟಲೆ ನುಂಗಿದ ಮಾತು ಅದು. ಹೇಳಿದ ಕೂಡಲೇ ಬರುವಂತಿರಲಿಲ್ಲ. ಸೆರಗು ಸರಿಮಾಡಿಕೊಂಡಳು. “ಒಲಿಮ್ಯಾಗ ಹಾಲದಾವು,” ಎಂದು ಒಳಗೆ ಹೋದಳು.

ಅವನು ರೊಟ್ಟಿ ತಿಂದ. ಕೈ ತೊಳೆಯಲಿಲ್ಲ. ಬೆರಳುಗಳು ಒಣಗುವವರೆಗೆ ತಟ್ಟೆಯ ಮುಂದೆ ಕುಳಿತಿದ್ದ. ಮರುದಿನವೂ ಕುಳಿತ. ಅದರ ಮರುದಿನವೂ ಕುಳಿತ.

ಅಂದಿನಿಂದ ಅವನು ಖಾನಾವಳಿಯ ಊಟ ಬಿಟ್ಟ. ಯಾರೂ ಬಿಡಿಸಲಿಲ್ಲ. ಅಲ್ಲಿ ತನ್ನನ್ನು ಎಳೆಯುತ್ತಿದ್ದುದು ರೊಟ್ಟಿಯಲ್ಲ, ಮನೆಯಲ್ಲಿ ಹೆಂಡತಿ ಕೇಳಬೇಕಾಗಿದ್ದ ಮಾತು ಎಂದು ಅವನಿಗೆ ತಿಳಿದಿತ್ತು. ಸಂತೆಯಲ್ಲಿ ಬುತ್ತಿ ಉಂಡು ಮೆಣಸಿನಕಾಯಿ ಚೀಲಗಳ ಕಡೆಗೇ ನಡೆಯುತ್ತಿದ್ದ. ಮಳೆಗಾಲ ಬರುವ ಹೊತ್ತಿಗೆ ತೂಕ ಇಳಿಯಿತು. ಗಾಯ ಮಾಯಿತು. ಬೆರಳು ಉಳಿಯಿತು. ಡಾಕ್ಟರರು ಬೆನ್ನು ತಟ್ಟಿ, “ಯಾವ ಉಪಾಯ ಹಿಡಿಯಿತು?” ಎಂದು ಕೇಳಿದರು. ವ್ಯಾಪಾರಿ ಮನೆಯ ಊಟಕ್ಕೆ ಹೊತ್ತಾಯಿತೆಂದು ಎದ್ದ.

ಮನೆಯಲ್ಲಿ ಮಾತ್ರ ಪ್ರತಿ ಊಟವೂ ಹಾಗೆಯೇ ನಡೆಯಿತು. ಅವನು ಉಂಡು ಮುಗಿಸಿ ಕಾಯುತ್ತಿದ್ದ. ಅವಳು ಈಗ ನೇರವಾಗಿ ಒಳಗೆ ಹೋಗುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಕೈ ಆನಿಸಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಅವನು ತಟ್ಟೆಯ ಮೇಲೆ ಊರಲೆಂದು ಕೈಯನ್ನು ಸಿದ್ಧವಾಗಿಟ್ಟುಕೊಂಡಿರುತ್ತಿದ್ದ.

ವಸ್ತಾದರು ಇಷ್ಟು ಹೇಳಿ ಸಲಿಕೆಯನ್ನು ಎತ್ತಿಕೊಂಡರು. ಕೆಮ್ಮಣ್ಣಿಗೆ ಮಜ್ಜಿಗೆ ಚಿಮುಕಿಸಿದರು.

ನಾನು ಸುಮ್ಮನಿರುವ ಜಾತಿಯವನಲ್ಲ. “ಇದೇನು ವಸ್ತಾದರೇ, ಕುಸ್ತಿಯನ್ನು ಅರ್ಧಕ್ಕೇ ನಿಲ್ಲಿಸಿದಿರಿ!” ಎಂದೆ. “ಕೊನೆಗೆ ಅವಳು ಕೇಳಿದಳೋ ಇಲ್ಲವೋ? ಅದನ್ನು ಹೇಳಿರಿ. ಮತ್ತೆ ನನ್ನ ಹೋಟೆಲಿನ ಪಟ್ಟು ಎಲ್ಲಿ?”

ವಸ್ತಾದರು ಮಣ್ಣಿನಿಂದ ತಲೆ ಎತ್ತಲಿಲ್ಲ.

“ಅದು ಅವನ ಮನೆಯ ಮಾತಾಯಿತು, ನೀನು ಮನೆ ಬಿಡುವಾಗ ಯಾರ ಬಾಯಿಗೆ ಬೀಗ ಹಾಕಿ ಬಂದೆ, ಅದನ್ನು ಹೇಳು.”