ಕನ್ನಡಿಗೆ ಅಂಟಿದ್ದ ಬಿಂದಿ

ಟೈಲರ್ ಈರಣ್ಣ ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ ಫೋಟೋ ಪ್ರಿಂಟರನ್ನು ಕೊಂಡು ತಂದು ಮನೆಯ ನಿಲುವುಗನ್ನಡಿಯ ಮುಂದಿಟ್ಟ. ತೀರಿಹೋದ ಹೆಂಡತಿ ನೀಲವ್ವ ಒಮ್ಮೆ ಮುಖ ತೊಳೆದು ಬಂದಾಗ ತೆಗೆದಿದ್ದ ಫೋಟೋವನ್ನು ಮೊಬೈಲಿನಿಂದ ಅದಕ್ಕೆ ಕಳಿಸಿದ.

ಸಾಗವಾನಿ ಚೌಕಟ್ಟಿನ ಕನ್ನಡಿ ಮೂಗು ಮುರಿಯಿತು. "ಎಲೈ ಡಬ್ಬಿಯೇ, ಎದುರು ನಿಂತವರನ್ನು ನಾನು ರೆಪ್ಪೆ ಮಿಟುಕಿಸುವುದರೊಳಗೆ ತೋರಿಸುತ್ತೇನೆ. ನಿನಗೇಕೆ ಇಷ್ಟು ಹೊತ್ತು?"

"ಒಂದೊಂದೇ ಬಣ್ಣ ಹಚ್ಚಬೇಕು, ಅಕ್ಕಾ. ಸ್ವಲ್ಪ ತಾಳು," ಎಂದಿತು ಪ್ರಿಂಟರು.

ಹೊರಬಂದ ಕಾಗದ ಬರೀ ಹಳದಿಯಾಗಿತ್ತು. "ಇದು ಮುಖವೋ, ಅರಿಶಿನದ ಕಲೆಯೋ?" ಎಂದು ಕನ್ನಡಿ ನಕ್ಕಿತು. ಪ್ರಿಂಟರು ಕಾಗದವನ್ನು ಒಳಗೆಳೆದುಕೊಂಡು ಕೆಂಪು ಹಚ್ಚಿತು. ತುಟಿ ಮೂಡಿತು. ಮತ್ತೆ ಎಳೆದುಕೊಂಡು ನೀಲಿ ಹಚ್ಚಿತು. ಕೂದಲು, ಕಣ್ಣು, ಮೂಗುತಿ ಎಲ್ಲ ಬಂದವು. ನೀಲವ್ವ ನಗುತ್ತಿದ್ದಳು.

ಕನ್ನಡಿ ಬೆರಗಾಯಿತು. "ಮದುವೆಯಾಗಿ ಬಂದಂದಿನಿಂದ ಇವಳು ದಿನವೂ ನನ್ನೆದುರು ನಿಂತಳು. ಆಚೆ ಸರಿದಾಗಲೆಲ್ಲ ನಾನು ಬರಿದಾದೆ. ತಮ್ಮಾ, ನೀನು ಹೇಗೆ ಹಿಡಿದಿಟ್ಟೆ?"

"ನಾನು ಹಿಡಿದದ್ದು ಒಂದು ನಗುವನ್ನಷ್ಟೇ, ಅಕ್ಕಾ. ಹಣೆ ನೋಡು, ಬೋಳಾಗಿದೆ. ಅವಳ ಬಿಂದಿ ಇನ್ನೂ ನಿನ್ನಲ್ಲೇ ಇದೆ."

ಹೌದು, ಕೊನೆಯ ಸಲ ಮುಖ ತೊಳೆಯಲು ಹೋಗುವಾಗ ನೀಲವ್ವ ತೆಗೆದು ಅಂಟಿಸಿದ್ದ ಬಿಂದಿ ಕನ್ನಡಿಯ ಮೂಲೆಯಲ್ಲಿ ಹಾಗೇ ಇತ್ತು. ಈರಣ್ಣ ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಫೋಟೋದ ಹಣೆಗಿಟ್ಟ. ಆಮೇಲೆ, ನಡುವೆ ಕೂತಿದೆಯೋ ಇಲ್ಲವೋ ಅವಳೇ ನೋಡಿಕೊಳ್ಳಲಿ ಎಂಬಂತೆ, ಫೋಟೋವನ್ನು ಕನ್ನಡಿಯೆದುರು ಹಿಡಿದು ನಿಂತ.